ಭಾವ ಹಾಕಿದ ಕೆಂಪು ಚುಕ್ಕೆ

ನಮ್ಮ ಭಾವ ಸಿದ್ದಗಂಗಯ್ಯನವರು ಮಠಕ್ಕೆ ಹೋದರೆ ಎರಡು ಚಪ್ಪಲಿಯನ್ನೂ ಒಂದೇ ಕಡೆ ಬಿಡುವುದಿಲ್ಲ. ಎಡಗಾಲಿನದು ಮೆಟ್ಟಿಲ ಹತ್ತಿರ, ಬಲಗಾಲಿನದು ಹಣ್ಣುಕಾಯಿ ಅಂಗಡಿಯ ಮಗ್ಗುಲಲ್ಲಿ. ಒಂಟಿ ಚಪ್ಪಲಿ ಕದಿಯುವಂಥ ದಡ್ಡ ಕಳ್ಳ ಇನ್ನೂ ಹುಟ್ಟಿಲ್ಲ ಅನ್ನುವುದು ಅವರ ವಾದ. ದರ್ಶನ ಮುಗಿದ ಮೇಲೆ ನಾವೆಲ್ಲ ಸುಡು ಬಿಸಿಲಲ್ಲಿ ನಿಂತು ಅವರ ಇನ್ನೊಂದು ಚಪ್ಪಲಿ ಸಿಗುವವರೆಗೆ ಕಾಯಬೇಕು. ಒಂದು ಸಲ ಗುಡಿಸುವವರು ಒಂಟಿ ಚಪ್ಪಲಿ ಯಾರಿಗೆ ಬೇಕು ಅಂತ ಬಲಗಾಲಿನದನ್ನು ಕಸದ ಗಾಡಿಗೆ ಎಸೆದುಬಿಟ್ಟಿದ್ದರು. ಭಾವ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು ಮಾಡಿಕೊಂಡು ಕ್ಯಾತ್ಸಂದ್ರದ ಬಸ್‌ಸ್ಟಾಪಿನವರೆಗೆ ಕುಂಟುತ್ತಾ ಬಂದರು. ಬಂದು, "ಯಾರೋ ಬೇಕಂತ್ಲೇ ಮಾಡವ್ರೆ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಮಾತ್ರ ನಗಲಿಲ್ಲ, ಅವಳಿಗೆ ಅಭ್ಯಾಸವಾಗಿಹೋಗಿತ್ತು.

ನಾನು ಅನುಪಮಾ. ಗುಬ್ಬಿಯಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಸಿದ್ದಗಂಗಯ್ಯನವರು ನನ್ನ ಅಕ್ಕ ಸರ್ವಮಂಗಳಳ ಗಂಡ. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಅವರಿಗೆ ಮಕ್ಕಳಿಲ್ಲ. ಭಾವನ ವಿಷಯ ಹೇಳಲು ಹೊರಟರೆ ನನಗೆ ಸಿಟ್ಟು ಮೊದಲು ಬರುತ್ತದೆ, ಆಮೇಲೆ ಪಾಪ ಅನ್ನಿಸುತ್ತದೆ. ಎರಡನ್ನೂ ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಹಾಗೇ ಕೇಳಿಸಿಕೊಳ್ಳಿ.

ಭಾವ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದವರು. ಗುಬ್ಬಿಯಲ್ಲಿ ಸ್ವಲ್ಪ ಕಾಲ, ಕುಣಿಗಲ್‌ನಲ್ಲಿ ಬಹಳ ಕಾಲ, ಕೊನೆಗೆ ತುಮಕೂರಿನಲ್ಲೇ ಇದ್ದು ನಿವೃತ್ತರಾದರು. ಕಂಬದಿಂದ ಕೊಕ್ಕೆ ಹಾಕಿದವರು, ಮೀಟರಿಗೆ ಅಯಸ್ಕಾಂತ ಅಂಟಿಸಿದವರು, ಸೀಲು ಕಿತ್ತು ಮತ್ತೆ ಮೇಣ ಹಚ್ಚಿದವರು, ಇಂಥವರನ್ನೇ ದಿನಾ ನೋಡಿ ನೋಡಿ ಮನುಷ್ಯನ ಮುಖ ಕಂಡರೆ ಸಾಕು, ಇವನು ಎಲ್ಲಿ ಕೈ ಹಾಕಿದ್ದಾನೆ ಅಂತ ಹುಡುಕುವ ಕಣ್ಣು ಅವರದಾಯಿತು. ಆದರೆ ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಸಹ ಕುಡಿಯುತ್ತಿರಲಿಲ್ಲ. ಕಾಫಿ ಕೊಡುವವನಿಗೆ ಏನೋ ಬೇಕಾಗಿರುತ್ತದೆ ಅಂತ.

ಕುಣಿಗಲ್‌ನಲ್ಲಿ ಪುಟ್ಟತಾಯಮ್ಮ ಅನ್ನುವ ಒಬ್ಬಂಟಿ ಮುದುಕಿಯ ಮನೆಯಲ್ಲಿ ಮೀಟರ್ ಬಹಳ ಕಡಿಮೆ ಓಡುತ್ತಿತ್ತಂತೆ. ಭಾವನಿಗೆ ನಿದ್ದೆ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಕಾಂಪೌಂಡಿನ ಸುತ್ತ ವೈರು ಹುಡುಕಿದರು. ಒಂದು ಸಂಜೆ ಕಿಟಕಿಯಲ್ಲಿ ಇಣುಕಿ ನೋಡಿದರೆ, ಮುದುಕಿ ದೇವರ ಮುಂದಿನ ದೀಪ ಒಂದು ಬಿಟ್ಟು ಎಲ್ಲವನ್ನೂ ಆರಿಸಿಕೊಂಡು ಕತ್ತಲಲ್ಲಿ ಸುಮ್ಮನೆ ಕೂತಿದ್ದಳು. ಆವತ್ತು ಭಾವ ಮನೆಗೆ ಬಂದು ಊಟ ಮಾಡಲಿಲ್ಲವಂತೆ. ಅಕ್ಕನೇ ಹೇಳಿದ್ದು. ಆದರೆ ಮುಂದಿನ ತಿಂಗಳು ಅದೇ ಕಿಟಕಿಯಲ್ಲಿ ಮತ್ತೆ ಇಣುಕಿದರು ಅನ್ನುವುದನ್ನೂ ಅವಳೇ ಹೇಳಿದಳು.

ಮನೆಯ ವಸ್ತು ಏನೇ ರಿಪೇರಿಗೆ ಹೋಗಲಿ, ಭಾವ ಮೊದಲು ಅದಕ್ಕೆ ಗುರುತು ಹಾಕುತ್ತಾರೆ. ಅಕ್ಕನ ಕೆಂಪು ನೈಲ್ ಪಾಲಿಶ್ ಇರುವುದೇ ಅದಕ್ಕೆ. ಅಕ್ಕ ಉಗುರಿಗೆ ಬಣ್ಣ ಹಚ್ಚಿದ್ದನ್ನು ನಾನಂತೂ ನೋಡಿಲ್ಲ. ಮಿಕ್ಸಿ ಜಾರಿನ ತಳದಲ್ಲಿ ಚುಕ್ಕೆ, ಕುಕ್ಕರಿನ ವಿಷಲ್ಲಿಗೆ ಚುಕ್ಕೆ, ಸ್ಕೂಟರಿನ ಬ್ಯಾಟರಿಗೆ ಚುಕ್ಕೆ. ಅಂಗಡಿಯವನು ನಮ್ಮ ಒಳ್ಳೆಯ ಪಾರ್ಟು ತೆಗೆದುಕೊಂಡು ಹಾಳು ಪಾರ್ಟು ಹಾಕಿಬಿಟ್ಟರೆ? ನನ್ನ ಮಗಳು ಭೂಮಿಕಾ ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲೇ ಕಾದು ಕೂತಿದ್ದವರು ಇದೇ ಭಾವ. ನರ್ಸಮ್ಮ ಮಗುವನ್ನು ತಂದು ತೋರಿಸಿದ ತಕ್ಷಣ, ಅದಲುಬದಲಾದೀತು ಅಂತ ಅದರ ಹಿಮ್ಮಡಿಗೆ ಒಂದು ಕೆಂಪು ಚುಕ್ಕೆ ಇಟ್ಟರು. ನನಗೆ ಆಗ ಸಿಟ್ಟೂ ಬಂತು, ಅಳುವೂ ಬಂತು. ನಮ್ಮಪ್ಪ ಇದ್ದಿದ್ದರೂ ಅಷ್ಟು ಹೊತ್ತು ಆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ.

ಅಕ್ಕನದು ಬೇರೆಯೇ ಸ್ವಭಾವ. ಮಾತು ಕಡಿಮೆ, ಕೈಯಲ್ಲಿ ಕೆಲಸ ಜಾಸ್ತಿ. ಚಿಕ್ಕವಳಿದ್ದಾಗ ಅವಳು ಬಾಗಿಲಲ್ಲಿ ರಂಗೋಲಿ ಹಾಕಿದರೆ ಬೀದಿಯವರು ತುಳಿಯದೆ ಸುತ್ತಿಹೋಗುತ್ತಿದ್ದರು. ಭಾವ ನಿವೃತ್ತರಾಗುವ ಮುಂಚೆಯೇ ಅವಳು ಕಂಪ್ಯೂಟರ್ ಎಂಬ್ರಾಯ್ಡರಿ ಡಿಸೈನ್ ಕಲಿತಳು. ಬ್ಲೌಸಿನ ತೋಳಿಗೆ, ಬೆನ್ನಿಗೆ ಹಾಕುವ ನವಿಲು, ಹಂಸ, ಮಾವಿನಕಾಯಿ, ಗಂಡಭೇರುಂಡ ಎಲ್ಲವನ್ನೂ ಪರದೆಯ ಮೇಲೆ ಎಳೆಎಳೆಯಾಗಿ ಬರೆಯುತ್ತಾಳೆ. ಆ ಫೈಲನ್ನು ಎಂಬ್ರಾಯ್ಡರಿ ಮೆಷಿನ್ನಿಗೆ ಹಾಕಿದರೆ ಅದೇ ಹೊಲಿದುಕೊಡುತ್ತದೆ. ಮೆಷಿನ್ ಇರುವುದು ಮಂಡಿಪೇಟೆ ಕಡೆಯ ಗಲ್ಲಿಯಲ್ಲಿ, ಅಂಬ್ರೀನ್ ಅನ್ನುವ ಹುಡುಗಿಯ ಮನೆಯಲ್ಲಿ. ಗುಬ್ಬಿ, ಚೇಳೂರು ಕಡೆಯ ಮದುವೆ ಹೆಣ್ಣುಮಕ್ಕಳ ಬ್ಲೌಸು ನನ್ನಲ್ಲಿಗೆ ಬರುತ್ತದೆ. ಡಿಸೈನು ಅಕ್ಕನದು, ಎಂಬ್ರಾಯ್ಡರಿ ಅಂಬ್ರೀನಳದು, ಹೊಲಿಗೆ ನನ್ನದು. ಮೂವರ ಜೀವನವೂ ಹೀಗೆ ಒಂದೇ ದಾರದಲ್ಲಿ ನಡೆಯುತ್ತಿತ್ತು.

ಕಂಪ್ಯೂಟರನ್ನು ಕೊಡಿಸಿದವರು ಭಾವನೇ. ಹೆಂಡತಿಯ ಕೆಲಸ ಅಂದರೆ ಅವರಿಗೆ ಹೆಮ್ಮೆ. ಆದರೆ ಹೆಮ್ಮೆಯ ಹಿಂದೆಯೇ ಅನುಮಾನವೂ ಬಂತು. ಪಕ್ಕದ ಮನೆಯವರು ಡಿಸೈನ್ ನೋಡಿ ಫೋಟೋ ಹೊಡೆದುಕೊಂಡಾರು ಅಂತ ಕಿಟಕಿಗೆ ದಪ್ಪ ಪರದೆ. ಅಂಬ್ರೀನ್ ಮನೆಗೆ ಫೈಲ್ ಹೋಗಬೇಕಾದರೆ ಪೆನ್‌ಡ್ರೈವ್ ಭಾವನ ಜೇಬಿನಲ್ಲಿ. ಅಲ್ಲಿ ಮೆಷಿನ್ ಪಕ್ಕ ಕುರ್ಚಿ ಹಾಕಿಕೊಂಡು, ಹೊಲಿದು ಮುಗಿಯುವವರೆಗೆ ಅಲ್ಲಾಡದೆ ಕೂತು, ಮುಗಿದ ಕೂಡಲೇ ಪೆನ್‌ಡ್ರೈವ್ ಕಿತ್ತುಕೊಂಡು, ಮೆಷಿನ್ನಿನಲ್ಲಿ ಉಳಿದಿದ್ದನ್ನೂ ಅಳಿಸಿಸಿ ವಾಪಸ್ ಬರುವುದು. ಅಂಬ್ರೀನ್ ಅವರಿಗೆ ಚಹಾ ತಂದರೆ ಮುಟ್ಟುತ್ತಿರಲಿಲ್ಲ. ಅವಳು ಬೇಜಾರು ಮಾಡಿಕೊಳ್ಳದೆ ಪ್ರತಿ ಸಲವೂ ತರುತ್ತಿದ್ದಳು. ನಾನಾಗಿದ್ದರೆ ತಲೆ ಮೇಲೆ ಸುರಿಯುತ್ತಿದ್ದೆ.

ಅಂಬ್ರೀನಳ ಅಣ್ಣ ನವೀದ್ ಅದೇ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಈ ಬೇಸಿಗೆಯಲ್ಲಿ ಅಕ್ಕನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗಲು ಶುರುವಾಯಿತು. ನವೀದ್ ಮನೆಗೇ ಬಂದ. ಬರುವ ಮೊದಲೇ ಭಾವ ಸಿಪಿಯು ಬಿಚ್ಚಿ ಒಳಗಿನ ಸಾಮಾನಿಗೆಲ್ಲ ಕೆಂಪು ಚುಕ್ಕೆ ಇಟ್ಟು ಮುಗಿಸಿದ್ದರು. ಕರೆಂಟ್ ಹಂಚುವ ಡಬ್ಬ, ಅದೇ ಪವರ್ ಸಪ್ಲೈ, ಹೋಗಿದೆ ಅಂತ ನವೀದ್ ಕಂಡುಹಿಡಿದು ಹೊಸದನ್ನು ಹಾಕಿದ. ಹಳೆಯದೂ ಒಳ್ಳೆಯ ಕಂಪನಿಯದು, ಹೊಸದೂ ಒಳ್ಳೆಯದು, ಆದರೆ ಕಂಪನಿ ಬೇರೆ. ಎರಡರಲ್ಲೂ ವೈರುಗಳು ಡಬ್ಬಕ್ಕೆ ಅಂಟಿಕೊಂಡಿರುವುದಿಲ್ಲ, ಬಿಚ್ಚಿ ಸಿಕ್ಕಿಸುವಂಥವು. ಹಳೆಯ ಡಬ್ಬ, ಹಳೆಯ ವೈರು ಎಲ್ಲ ಇಲ್ಲೇ ಬಿಟ್ಟುಹೋಗಬೇಕು ಅಂತ ಭಾವ ಹಟ ಹಿಡಿದರು. ನವೀದ್ ಬಿಟ್ಟು, ಹೊರಡುವಾಗ ಒಂದು ಮಾತು ಹೇಳಿದನಂತೆ: "ಇದರ ವೈರು ಇದಕ್ಕೇ ಸಾರ್. ಹಳೇ ವೈರ್ ಮಾತ್ರ ಮುಟ್ಟಬೇಡಿ."

ಅಷ್ಟು ಸಾಕಾಯಿತು. ಮುಟ್ಟಬೇಡಿ ಅಂದನಲ್ಲ, ಯಾಕೆ ಅಂದ? ಅದರಲ್ಲಿ ಏನಿದೆ?

ಆ ಭಾನುವಾರ ನಾನು ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದೆ. ಚೇಳೂರಿನ ಒಂದು ಮದುವೆ ಹೆಣ್ಣಿಗೆ ಗಂಡಭೇರುಂಡದ ಡಿಸೈನ್ ಬೇಕಿತ್ತು. ಹೋಗಿ ನೋಡಿದರೆ ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಅದರ ಮೇಲೆ ಸಿಪಿಯು ಮಲಗಿಸಿ, ಭಾವ ಬನಿಯನ್ನಿನಲ್ಲಿ ನಿಂತಿದ್ದರು. ಕಿವಿಯ ಸಂದಿಯಲ್ಲಿ ಟೆಸ್ಟರ್.

"ಏನ್ ಭಾವ, ಆಪರೇಷನ್ನಾ?"

"ಬಾಮ್ಮಾ ಅನು. ಸರಿಯಾದ್ ಟೈಮಿಗೆ ಬಂದೆ. ನಿಮ್ ನವೀದನ ಕೈಚಳಕ ನೋಡು ಬಾ."

ಅವರು ಮಾಡಲು ಹೊರಟಿದ್ದು ಒಳ್ಳೆಯ ಕೆಲಸವೇ. ಅಕ್ಕ ಬರೆದ ಡಿಸೈನುಗಳೆಲ್ಲ ಒಂದೇ ಡಿಸ್ಕಿನಲ್ಲಿವೆ, ಅದು ಕೈಕೊಟ್ಟರೆ ವರ್ಷಗಳ ಕೆಲಸ ಮಣ್ಣುಪಾಲು. ಅದಕ್ಕೇ ಇನ್ನೊಂದು ಹೊಸ ಡಿಸ್ಕ್ ತಂದು ಒಳಗೆ ಸೇರಿಸಿ, ಎಲ್ಲವನ್ನೂ ಅದಕ್ಕೂ ಒಂದು ಪ್ರತಿ ಮಾಡಿ ಇಡುವುದು. ಆದರೆ ಡಿಸ್ಕ್ ಸೇರಿಸಲು ಒಳಗೆ ಇಣುಕಿದವರಿಗೆ ಬೇರೇನೋ ಕಂಡಿತ್ತು.

"ಇಲ್ನೋಡು. ಈ ವೈರಲ್ಲಿ ನಮ್ ಚುಕ್ಕೆ ಎಲ್ಲೈತೆ?"

ನಾನು ಬಗ್ಗಿ ನೋಡಿದೆ. ಚುಕ್ಕೆ ಇರಲಿಲ್ಲ.

"ಒರಿಜಿನಲ್ ವೈರ್ ತೆಗೆದು ಲೋಕಲ್ ವೈರ್ ಹಾಕವ್ನೆ. ಹಳೇದು ಮುಟ್ಟಬೇಡಿ ಅಂತ ಯಾಕಂದ ಈಗ ಗೊತ್ತಾಯ್ತಾ? ಹೋಲಿಸಿ ನೋಡ್ಬಿಟ್ಟೇವು ಅಂತ!"

ಹೊಸ ಡಬ್ಬದ ಜೊತೆ ಹೊಸ ವೈರು ಬಂದಿರುತ್ತದೆ, ಅದಕ್ಕೆ ಚುಕ್ಕೆ ಎಲ್ಲಿಂದ ಬರಬೇಕು ಅಂತ ನನ್ನ ಬುದ್ಧಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಭಾವ ಎರಡು ವೈರನ್ನೂ ಕೈಗೆ ಕೊಟ್ಟರು. ಹಳೆಯದು ದಪ್ಪ, ಹೊಸದು ತೆಳ್ಳಗೆ ಅನ್ನಿಸಿತು. ನವೀದ್ ಹೀಗೆ ಮಾಡಿದನಾ ಅಂತ ನನ್ನ ಮನಸ್ಸಿಗೂ ಹುಳಿ ಬಿತ್ತು. ಆ ಮನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಯಾರಿಗಾದರೂ ಹಾಗೆಯೇ ಆಗುತ್ತದೆ.

ಅಡುಗೆಮನೆಯಿಂದ ಅಕ್ಕ ಕೂಗಿದಳು: "ರೀ, ಹಳೇ ವೈರ್ ಹಾಕ್ಬೇಡಿ ಅಂತ ನವೀದ್ ಹೇಳಿದ್ನಲ್ವಾ?"

"ಅದಕ್ಕೇ ಹಾಕ್ತಿರೋದು ಕಣೇ. ಕರೆಂಟಿನ ವಿಷಯ ಸಿದ್ದಗಂಗಯ್ಯಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ."

ಚುಕ್ಕೆ ಇದ್ದ ಹಳೆಯ ವೈರಿನ ತುದಿಯನ್ನು ಹೊಸ ಡಬ್ಬಕ್ಕೆ ಸಿಕ್ಕಿಸಿದರು. ಟಕ್ ಅಂತ ಸರಿಯಾಗಿ ಕೂತಿತು. "ನೋಡು, ಅಳತೆ ಮಾಡಿಸ್ದಂಗೆ ಕೂತ್ಕೋತು" ಅಂದರು. ಅದೇ ವೈರಿನ ಇನ್ನೊಂದು ಕಡೆ ಅಕ್ಕನ ಡಿಸ್ಕು, ಅದರ ಪಕ್ಕದಲ್ಲೇ ಹೊಸ ಡಿಸ್ಕು. ಸ್ವಿಚ್ ಒತ್ತಿದರು.

ಟಪ್ ಅಂತ ಸಣ್ಣ ಸದ್ದು, ಅಷ್ಟೇ. ಸಾಸಿವೆ ಸಿಡಿದಷ್ಟು. ಫ್ಯಾನ್ ತಿರುಗುತ್ತಲೇ ಇತ್ತು. ಆಮೇಲೆ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಭಾವ ಪ್ಲಗ್ ಕಿತ್ತರು. ಅಕ್ಕನ ಡಿಸ್ಕನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು, ಅಷ್ಟು ಬಿಸಿ. ಹೊಸದೂ ಹಾಗೇ. ಎರಡರ ಒಳಗಿನ ಚಿಪ್ ಕೂಡ ಸುಟ್ಟಿತ್ತು. ಪ್ರತಿ ಮಾಡುವ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಅಕ್ಕ ಕಣ್ಣು ಕೆಡಿಸಿಕೊಂಡು, ಬೆನ್ನು ನೋಯಿಸಿಕೊಂಡು ಬರೆದದ್ದೆಲ್ಲ ಆ ಸಣ್ಣ ಪೆಟ್ಟಿಗೆಯಲ್ಲಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಕೊನೆಗೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಕೈಯಲ್ಲಿ ಹುರುಳಿಕಾಯಿ ಇತ್ತು. ನಾರು ತೆಗೆದು, "ಸುಡ್ತಾ?" ಅಂತ ಕೇಳಿದಳು. "ಹ್ಞೂ" ಅಂದೆ. "ಸರಿ, ಕೈ ತೊಳ್ಕೊಳ್ಳಿ" ಅಂದು ಒಳಗೆ ಹೋದಳು.

ಇದು ಏನೋ ಸರಿಯಿಲ್ಲ ಅಂತ ನನಗೆ ಆಗಲೇ ಅನ್ನಿಸಿತು. ನನ್ನ ಅಕ್ಕ ಒಂದು ಸ್ಟೀಲ್ ಡಬ್ಬಿ ಕಳೆದರೆ ಎರಡು ದಿನ ಕೊರಗುವವಳು. ಭಾವನ ಕಣ್ಣಿಗೂ ಅದು ಬಿದ್ದಿತ್ತು. ಆದರೆ ಮೊದಲು ನವೀದ್. ಅಂಗಿ ತೊಟ್ಟು, ಸುಟ್ಟ ಡಿಸ್ಕನ್ನೂ ವೈರನ್ನೂ ಕವರಿಗೆ ಹಾಕಿಕೊಂಡು ಸ್ಕೂಟರ್ ತೆಗೆದರು. ಇವರನ್ನು ಒಬ್ಬರನ್ನೇ ಕಳಿಸಿದರೆ ಹೊಡೆದಾಟವಾದೀತು ಅಂತ ನಾನೂ ಹಿಂದೆ ಹತ್ತಿದೆ. ದಾರಿಯಲ್ಲಿ ಅವರು ಒಂದೇ ಮಾತು ಕೇಳಿದ್ದು: "ನಿಮ್ಮಕ್ಕ ಯಾಕೆ ಅಳ್ಲಿಲ್ಲ?"

ಗೊತ್ತಿಲ್ಲ ಅಂದರೂ ಅವರು ನಂಬಲಿಲ್ಲ ಅನ್ನುವುದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಭಾವ ಕವರನ್ನು ಕೌಂಟರ್ ಮೇಲೆ ಸುರಿದು, "ನೋಡಪ್ಪಾ, ನಿನ್ ಡಬ್ಬ ಏನ್ ಮಾಡ್ತು ನೋಡು" ಅಂತ ಗಂಟಲು ಏರಿಸಿದರು. ಒರಿಜಿನಲ್ ಕದ್ದು ಡೂಪ್ಲಿಕೇಟ್ ಹಾಕಿದ್ದೀಯ, ಹೆಂಗಸಿನ ಹೊಟ್ಟೆ ಮೇಲೆ ಹೊಡೆದಿದ್ದೀಯ, ಇನ್ನೂ ಏನೇನೋ. ಪಾಪದ ಮಾತು, ನಾನು ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ಗಿರಾಕಿಯೊಬ್ಬ ತನ್ನ ಲ್ಯಾಪ್‌ಟಾಪ್ ಬ್ಯಾಗನ್ನು ಮೆಲ್ಲಗೆ ಎತ್ತಿಕೊಂಡು ಹೊರಟ. ನವೀದನ ಮುಖ ಬಿಳಿಚಿತು. ಬೆಂಗಳೂರಿನಿಂದ ತರಿಸಿದ ಡಬ್ಬ, ಅದೇ ಕೆಟ್ಟಿತ್ತೋ ಏನೋ ಅಂತ ಅವನಿಗೂ ಹೆದರಿಕೆ. ಒಳಗೆ ಮೆಷಿನ್ ನಿಂತಿತು. ಅಂಬ್ರೀನ್ ಬಾಗಿಲಿಗೆ ಬಂದಳು.

ನವೀದ್ ವೈರನ್ನು ಎತ್ತಿ ತಿರುಗಿಸಿ ನೋಡಿದ. "ಸಾರ್, ಇದನ್ನ ಹಾಕಿದ್ದು ಯಾರು?"

"ನಾನೇ ಕಣಯ್ಯಾ. ಒರಿಜಿನಲ್ಲು. ನೋಡು, ನಮ್ ಕೆಂಪು ಚುಕ್ಕೆ."

"ಚುಕ್ಕೆ ನಿಮ್ದೇ ಸಾರ್. ಇದು ಹಳೇ ಡಬ್ಬದ ವೈರು. ಹೊಸ ಡಬ್ಬಕ್ಕೆ ಸಿಕ್ಕಿಸಿದ್ರೆ ಕೂತ್ಕೊಳ್ಳುತ್ತೆ, ತುದಿ ಒಂದೇ ತರ ಇದೆ. ಆದ್ರೆ ಒಳಗೆ ಜೋಡಣೆ ಬೇರೆ. ಐದು ವೋಲ್ಟ್ ಹೋಗ್ಬೇಕಾದ ಕಡೆ ಹನ್ನೆರಡು ಹೋಗಿದೆ. ನಾನು ಹೇಳಿದ್ದೆ ಸಾರ್, ಆಂಟಿ ಮುಂದೇನೇ ಹೇಳಿದ್ದೆ." ಅವನ ದನಿಯೂ ಏರಿತು. "ಜನದ ಮುಂದೆ ಕಳ್ಳ ಅಂದ್ರಲ್ಲ!"

ಭಾವ ಆ ಚುಕ್ಕೆಯನ್ನೇ ನೋಡುತ್ತಾ ನಿಂತರು. ನನಗೆ ನಾಚಿಕೆಯಾಯಿತು, ಅವರಿಗಾಗಿಯೂ, ನನಗಾಗಿಯೂ. ಈಗ ತಪ್ಪಾಯ್ತು ಅನ್ನುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು ಬೇರೆ. "ಏನಾದ್ರೂ ಅನ್ನು. ನನ್ ಹೆಂಡ್ತಿ ವರ್ಷಗಟ್ಲೆ ಕೂತು ಬರ್ದಿದ್ದೆಲ್ಲ ಸುಟ್ಟೋಯ್ತಲ್ಲಪ್ಪ. ಎಲ್ಲಾ ಹೋಯ್ತಲ್ಲ." ಹೇಳುವಾಗ ದನಿ ಒಡೆಯಿತು. ಕಣ್ಣಲ್ಲಿ ನೀರು ಬಂತು. ಭಾವನ ಕಣ್ಣೀರನ್ನು ನಾನು ಅದೇ ಮೊದಲು ನೋಡಿದ್ದು.

ಅಂಬ್ರೀನ್ ಅಣ್ಣನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಏನೋ ಹೇಳಲೋ ಬೇಡವೋ ಅಂತ ತಡವರಿಸುತ್ತಿದ್ದಳು. ಆಮೇಲೆ, "ಏನೂ ಸುಟ್ಟಿಲ್ಲ ಅಂಕಲ್" ಅಂದಳು.

ಒಳಗೆ ಹೋಗಿ ಬೀರು ತೆಗೆದು, ಮಡಿಸಿಟ್ಟ ದುಪಟ್ಟಾಗಳ ಅಡಿಯಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದು ಕೌಂಟರ್ ಮೇಲೆ ಇಟ್ಟು ತೆರೆದಳು. ಪರದೆಯ ತುಂಬ ಅಕ್ಕನ ಡಿಸೈನುಗಳು. ನವಿಲು, ಹಂಸ, ಕಮಲ, ನಾನು ಕೇಳಿದ್ದ ಗಂಡಭೇರುಂಡ. ಮೆಷಿನ್ನಿಗೆ ಹಾಕುವ ಫೈಲುಗಳಷ್ಟೇ ಅಲ್ಲ, ಅವಳು ಕೈಯಾರೆ ಬರೆದ ಮೂಲವೂ ಇತ್ತು, ತಿದ್ದಿದ್ದು, ಅರ್ಧಕ್ಕೆ ಬಿಟ್ಟಿದ್ದು, ಎಲ್ಲವೂ. ಹೋದ ವಾರ ಮುಗಿಸಿದ್ದೂ ಇತ್ತು.

ಭಾವನ ಮುಖ ಅರಳಿತು. ನಿಜವಾಗಿ ಅರಳಿತು, ನಾನು ನೋಡಿದೆ. ಕೈ ಮುಗಿಯಲು ಎತ್ತಿದರು. ಆ ಕೈ ಅರ್ಧಕ್ಕೇ ನಿಂತಿತು.

"ಇದೆಲ್ಲಾ ನಿನ್ ಹತ್ರ ಹೆಂಗ್ ಬಂತು?"

ಅಂಬ್ರೀನ್ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧಕ್ಕೆ ಇಳಿಸಿದಳು.

"ಪೆನ್‌ಡ್ರೈವ್ ಯಾವಾಗ್ಲೂ ನನ್ ಜೇಬಲ್ಲೇ ಇತ್ತು. ನಾನು ಇಲ್ಲೇ ಕೂತಿರ್ತಿದ್ದೆ. ಕಣ್ ಮಿಟುಕಿಸ್ದೆ ಕೂತಿರ್ತಿದ್ದೆ. ಹೆಂಗ್ ಬಂತು ಹೇಳು!" ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ಯಾ ಅನು? ನೋಡಿದ್ಯಾ? ನಾನು ಹೇಳಿರ್ಲಿಲ್ವಾ? ಎಲ್ಲಾನೂ ಕದ್ದು ಮಡಗವ್ರೆ!" ಅಂದರು. ದುಃಖವೆಲ್ಲ ಹಾರಿಹೋಗಿತ್ತು. ಇಷ್ಟು ವರ್ಷ ಪಟ್ಟ ಅನುಮಾನಕ್ಕೆಲ್ಲ ಕೊನೆಗೂ ಸಾಕ್ಷಿ ಸಿಕ್ಕಿತು ಅನ್ನುವ ಬೆಳಕು ಮುಖದ ಮೇಲೆ.

ಫೋನ್ ತೆಗೆದು ಅಕ್ಕನಿಗೆ ಮಾಡಿದರು. ಎಲ್ಲರಿಗೂ ಕೇಳಿಸಲಿ ಅಂತ ಸ್ಪೀಕರಿಗೆ ಹಾಕಿದರು. "ಮಂಗಳಾ, ನಿನ್ ಡಿಸೈನೆಲ್ಲಾ ಇವರ ಹತ್ರ ಐತೆ ಕಣೇ. ಕದ್ದವ್ರೆ. ಈಗ್ಲೇ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ."

ಆ ಕಡೆ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು. ಅಕ್ಕ ಸ್ಟೌ ಆರಿಸಿದ್ದೂ ಕೇಳಿಸಿತು.

"ಯಾರೂ ಕದ್ದಿಲ್ಲ. ನಾನೇ ಕೊಟ್ಟಿದ್ದು."

"ಏನು?"

"ನಾನೇ ಕೊಟ್ಟೆ. ಮೊದಲಿನಿಂದ್ಲೂ ಕೊಡ್ತಾನೇ ಇದೀನಿ. ಸೀರೆಗೆ ಕುಚ್ಚು ಹಾಕಿಸ್ತೀನಿ ಅಂತ ಅಂಬ್ರೀನ್ ಹತ್ರ ಹೋಗ್ತಿದ್ನಲ್ಲ, ಸೀರೆ ಮಡಿಕೇಲಿ ಇನ್ನೊಂದು ಪೆನ್‌ಡ್ರೈವ್ ಇಟ್ಕೊಂಡು ಹೋಗ್ತಿದ್ದೆ. ಮನೇಲಿ ಏನಾದ್ರೂ ಆದ್ರೆ ಅಲ್ಲೊಂದು ಇರ್ಲಿ ಅಂತ."

"ಮನೇಲಿ ಏನಾಗುತ್ತೆ? ನಾನಿಲ್ವಾ ಮನೇಲಿ?"

"ನೀವಿದ್ದೀರಲ್ಲ, ಅದಕ್ಕೇ."

ಅಂಗಡಿಯಲ್ಲಿ ಉಳಿದಿದ್ದ ಗಿರಾಕಿಯೊಬ್ಬ ನಕ್ಕುಬಿಟ್ಟ. ನವೀದ್ ನಗಲಿಲ್ಲ. ಭಾವ ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಸ್ಪೀಕರ್ ಆರಿಸಲು ಬೆರಳಾಡಿಸಿದರು. ಸಿಗಲಿಲ್ಲ. ನಾನೇ ತೆಗೆದುಕೊಂಡು ಆರಿಸಿದೆ.

ಅಂಬ್ರೀನ್ ಒಂದು ಸ್ಟೂಲ್ ಎಳೆದು ಕೊಟ್ಟಳು. ಅವರು ಕೂತರು. "ಯಾರ್ಗೂ ಹೇಳ್ಬೇಡ ಅಂದಿದ್ರು ಆಂಟಿ. ಅಣ್ಣಂಗೂ ಹೇಳಿರ್ಲಿಲ್ಲ ನಾನು" ಅಂದಳು ಅವಳು. ನವೀದ್ ತಂಗಿಯನ್ನು ಒಂಥರಾ ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ. ಇಷ್ಟು ದಿನ ತನ್ನ ಮನೆಯ ಬೀರುವಿನಲ್ಲಿ ಇನ್ನೇನೇನಿದೆ ಅಂತ ಅವನೂ ಯೋಚಿಸುತ್ತಿದ್ದ ಹಾಗಿತ್ತು.

ಹೊರಡುವಾಗ ಭಾವ ಮೆಲ್ಲಗೆ, "ಹೊಸ ಡಿಸ್ಕ್ ಒಂದು ಬಂದು ಹಾಕ್ಕೊಡಪ್ಪ" ಅಂದರು. ತಪ್ಪಾಯ್ತು ಅನ್ನುವ ಮಾತು ಅವರ ಬಾಯಿಗೆ ಬರಲಿಲ್ಲ, ಹಾಗೆ ಕೇಳಿದ್ದರಲ್ಲೇ ಅದೂ ಸೇರಿತ್ತು ಅಂತ ನಾನು ತಿಳಿದುಕೊಂಡೆ. ನವೀದ್ ಹಾಗೆ ತಿಳಿದುಕೊಳ್ಳಲಿಲ್ಲ. "ಆಂಟಿ ಕರೆದ್ರೆ ಬರ್ತೀನಿ" ಅಂದ. ಸರಿಯಾಗೇ ಅಂದ.

ವಾಪಸ್ ಬರುವಾಗ ಸ್ಕೂಟರ್ ಬಹಳ ನಿಧಾನ. ನನಗೂ ಒಳಗೇ ಕುಟುಕುತ್ತಿತ್ತು. ಗುಬ್ಬಿಯಿಂದ ವಾರವಾರ ಬರುವ ನನಗೆ, ಒಡಹುಟ್ಟಿದವಳಿಗೆ, ಅಕ್ಕ ಒಂದು ಮಾತು ಹೇಳಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಭಾವ, "ನಿಂಗೆ ಗೊತ್ತಿತ್ತಾ?" ಅಂತ ಕೇಳಿದರು. "ನಿಮ್ಮಾಣೆ ಇಲ್ಲ ಭಾವ" ಅಂದೆ. ಈ ಸಲ ನಂಬಿದರು. ಯಾಕೆಂದರೆ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದು ಸ್ಕೂಟರಿನ ಕನ್ನಡಿಯಲ್ಲಿ ಅವರಿಗೆ ಕಂಡಿತ್ತು.

ಮನೆಯಲ್ಲಿ ಅಕ್ಕ ತಟ್ಟೆ ಹಾಕಿದ್ದಳು. ಮುದ್ದೆ, ಹುರುಳಿಕಾಯಿ ಪಲ್ಯ, ಸೊಪ್ಪಿನ ಸಾರು. ಟೇಬಲ್ ಮೇಲೆ ಸಿಪಿಯು ಇನ್ನೂ ಬಾಯಿ ತೆರೆದುಕೊಂಡೇ ಬಿದ್ದಿದ್ದರಿಂದ ನೆಲದ ಮೇಲೆ ಚಾಪೆ ಹಾಸಿದ್ದಳು. ಕೈಕಾಲು ತೊಳೆದು ಭಾವ ಕೂತರು. ಬೈಯುತ್ತಾರೆ ಅಂತ ನಾನು ಕಾದೆ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅನ್ನಲು ತಯಾರಾಗಿದ್ದೆ, ಅಕ್ಕನ ಪರವಾಗಿ. ಅವರು ಬೈಯಲಿಲ್ಲ. ಮುದ್ದೆಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು. ಕೇಳುವಾಗ ಮುಖ ಎತ್ತಲಿಲ್ಲ.

"ಇಷ್ಟ್ ವರ್ಷ ನನ್ ಮೇಲೆ ನಂಬಿಕೇನೇ ಇರ್ಲಿಲ್ವಾ ಮಂಗಳಾ ನಿಂಗೆ?"

ಅಕ್ಕ ಸಾರಿನ ಸೌಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಗೆದ್ದೆ ಅನ್ನುವುದೂ ಇರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕು ಅಂತ ನಿಜವಾಗಿಯೂ ಯೋಚಿಸಿದಳು.

"ನಂಬೋದನ್ನ ಈ ಮನೇಲಿ ನಾನು ಯಾರ್ನ ನೋಡಿ ಕಲೀಬೇಕಿತ್ತು, ನೀವೇ ಹೇಳಿ."

ಅಕ್ಕ ಬಗ್ಗಿ ಭಾವನ ತಟ್ಟೆಗೆ ಸಾರು ಹಾಕಿದಳು. ಅವರು ತಟ್ಟೆಯ ಅಂಚನ್ನು ಹಿಡಿದುಕೊಂಡು, ಸಾರು ಆರುವವರೆಗೂ ಹಾಗೇ ಕೂತಿದ್ದರು.